ಕನ್ನಡಿಯ ಪೆಟ್ಟೋ, ಕೈಯ ನಡುಕವೋ

1957ರಲ್ಲಿ ಜಪಾನಿನ ನಿಪ್ಪಾನ್ ಕೊಗಾಕು ಕಂಪನಿ ನಿಕಾನ್ ಎಸ್‌ಪಿ ಎಂಬ ರೇಂಜ್‌ಫೈಂಡರ್ ಕ್ಯಾಮೆರಾವನ್ನು ಹೊರತಂದಿತು. ಎರಡು ವರ್ಷ ತುಂಬುವ ಮೊದಲೇ, 1959ರ ನಡುವಿನಲ್ಲಿ, ಅದೇ ಕಂಪನಿಯ ನಿಕಾನ್ ಎಫ್ ಬಂತು. ಇದು ಎಸ್‌ಎಲ್‌ಆರ್. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರೆ ನೆಂಟಸ್ತಿಕೆ ಥಟ್ಟನೆ ಗೊತ್ತಾಗುತ್ತದೆ. ಎರಡರಲ್ಲೂ ಶಟರ್ ಗುಂಡಿ ಮೇಲ್ಭಾಗದ ಹಿಂಬದಿಗೆ ಸರಿದು ಕೂತಿದೆ. ಎರಡರಲ್ಲೂ ಫಿಲ್ಮ್ ಹಾಕಲು ಹಿಂಬದಿಯ ಮುಚ್ಚಳವನ್ನು ಇಡಿಯಾಗಿ ಕಳಚಬೇಕು. ಎರಡರಲ್ಲೂ ಶಟರಿನ ಪರದೆಗಳು ಅಡ್ಡಡ್ಡ ಓಡುತ್ತವೆ. ಎಸ್‌ಪಿಯ ದೇಹವನ್ನು ನಡುವೆ ಬಿಡಿಸಿ, ಅಲ್ಲೊಂದು ಕನ್ನಡಿಯ ಪೆಟ್ಟಿಗೆ ಕೂರಿಸಿ, ಮೇಲೆ ಪೆಂಟಾಪ್ರಿಸಂ ಇಟ್ಟರೆ ಹೆಚ್ಚುಕಡಿಮೆ ಎಫ್ ಆಗುತ್ತದೆ. ಇದಕ್ಕೂ ಮೊದಲೇ ಸೋವಿಯತ್ ಒಕ್ಕೂಟದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆ, ಲೈಕಾ ರೇಂಜ್‌ಫೈಂಡರಿನ ನಕಲಾಗಿದ್ದ ತನ್ನ ಜೋರ್ಕಿಯ ಒಳಗೆ ಕನ್ನಡಿ ಸೇರಿಸಿ ಝೆನಿಟ್ ಮಾಡಿತ್ತು.

ಈ ಎರಡು ಜೋಡಿಗಳನ್ನು ಮೊದಲಿಗೇ ನೆನೆಯುವುದಕ್ಕೆ ಕಾರಣವಿದೆ. ಫಿಲ್ಮ್ ಕ್ಯಾಮೆರಾ ಹಿಡಿಯುವವರ ನಡುವೆ ತಲೆಮಾರುಗಳಿಂದ ನಡೆದು ಬಂದ ಒಂದು ವಾದವಿದೆ: ಟ್ರೈಪಾಡ್ ಇಲ್ಲದೆ, ಬರಿಗೈಯಲ್ಲಿ ತೆಗೆದಾಗ ರೇಂಜ್‌ಫೈಂಡರಿನ ಚಿತ್ರ ಎಸ್‌ಎಲ್‌ಆರ್‌ನ ಚಿತ್ರಕ್ಕಿಂತ ಶಾರ್ಪ್ ಆಗಿರುತ್ತದೆ, ಏಕೆಂದರೆ ಅದರೊಳಗೆ ಬಡಿದಾಡುವ ಕನ್ನಡಿ ಇಲ್ಲ. ಒಂದೇ ದೇಹಕ್ಕೆ ಕನ್ನಡಿ ಸೇರಿದ ಕ್ಯಾಮೆರಾಗಳು ಎದುರಿಗಿರುವಾಗ ಈ ಮಾತನ್ನು ಒರೆಗೆ ಹಚ್ಚುವುದು ಸುಲಭ. ಎರಡೂ ಬಗೆಯ ಕ್ಯಾಮೆರಾಗಳನ್ನು ವರ್ಷಗಟ್ಟಲೆ ಕುತ್ತಿಗೆಗೆ ನೇತುಹಾಕಿಕೊಂಡು ತಿರುಗಿದ ಮೇಲೆ ನನಗೆ ಅನಿಸುವುದು ಇಷ್ಟು. ಮಾತು ನಿಜ, ಆದರೆ ಅದಕ್ಕೆ ಕೊಡುವ ಕಾರಣ ಬಹುಪಾಲು ತಪ್ಪು. ರೇಂಜ್‌ಫೈಂಡರ್ ಕೆಲವು ಸಂದರ್ಭಗಳಲ್ಲಿ ಹೆಚ್ಚು ಸ್ಪಷ್ಟವಾದ ಚಿತ್ರ ಕೊಡುತ್ತದೆ. ಆದರೆ ಅದರಲ್ಲಿ ಕನ್ನಡಿ ಇಲ್ಲದಿರುವುದರ ಪಾಲು ಸಣ್ಣದು. ದೊಡ್ಡ ಪಾಲು ಫೋಕಸಿನದು, ಆಮೇಲೆ ಬೆರಳಿನದು, ಆಮೇಲೆ ಕಣ್ಣಿನದು.

ಮೊದಲು ಕನ್ನಡಿಯ ವಿಷಯವನ್ನೇ ನೋಡೋಣ. ಎಸ್‌ಎಲ್‌ಆರ್‌ನಲ್ಲಿ ಲೆನ್ಸಿನ ಹಿಂದೆ 45 ಡಿಗ್ರಿ ಓರೆಯಾಗಿ ಒಂದು ಕನ್ನಡಿ ನಿಂತಿರುತ್ತದೆ. ಲೆನ್ಸಿನಿಂದ ಬಂದ ಬಿಂಬವನ್ನು ಅದು ಮೇಲಿನ ಫೋಕಸಿಂಗ್ ಸ್ಕ್ರೀನಿಗೆ ಕಳಿಸುತ್ತದೆ, ಅಲ್ಲಿಂದ ಪೆಂಟಾಪ್ರಿಸಂ ಮೂಲಕ ಅದು ನಮ್ಮ ಕಣ್ಣಿಗೆ ಬರುತ್ತದೆ. ಗುಂಡಿ ಒತ್ತಿದಾಗ ನಡೆಯುವುದು ಒಂದೇ ಕೆಲಸವಲ್ಲ, ಕೆಲಸಗಳ ಸಾಲು. ಲೆನ್ಸಿನ ಅಪರ್ಚರ್ ನಾವು ಗೊತ್ತುಮಾಡಿದ ಅಳತೆಗೆ ಕಿರಿದಾಗುತ್ತದೆ. ಕನ್ನಡಿ ಮೇಲಕ್ಕೆ ಹಾರಿ, ಸ್ಕ್ರೀನಿನ ಕೆಳಗಿನ ಮೆತ್ತೆಗೆ ಬಡಿದು ನಿಲ್ಲುತ್ತದೆ. ಆಮೇಲೆ ಮೊದಲ ಪರದೆ ಓಡಿ ಫಿಲ್ಮಿಗೆ ಬೆಳಕು ಬೀಳುತ್ತದೆ. ಹೊತ್ತು ಮುಗಿದ ಮೇಲೆ ಎರಡನೆಯ ಪರದೆ ಓಡಿ ಬೆಳಕನ್ನು ಮುಚ್ಚುತ್ತದೆ. ಕೊನೆಗೆ ಕನ್ನಡಿ ಕೆಳಗಿಳಿದು ತನ್ನ ಜಾಗಕ್ಕೆ ಬಡಿಯುತ್ತದೆ, ಅಪರ್ಚರ್ ಮತ್ತೆ ಅಗಲವಾಗುತ್ತದೆ.

ಕಿವಿಗೆ ಇದೆಲ್ಲ ಸೇರಿ ಒಂದೇ ಗಟ್ಟಿ ಸದ್ದಾಗಿ ಕೇಳುತ್ತದೆ. ಆ ಸದ್ದು ಕೇಳಿದವರಿಗೆ ಚಿತ್ರ ಅಲುಗಿರಲೇಬೇಕು ಅನಿಸುವುದು ಸಹಜ. ಆದರೆ ಸಾಲನ್ನು ಇನ್ನೊಮ್ಮೆ ನೋಡಿ. ಎರಡನೆಯ ಪರದೆ ಬಂದು ನಿಲ್ಲುವುದು, ಕನ್ನಡಿ ಕೆಳಗೆ ಬಡಿಯುವುದು, ಇವೆಲ್ಲ ಫಿಲ್ಮಿಗೆ ಬೆಳಕು ಬೀಳುವುದು ನಿಂತ ಮೇಲೆ ನಡೆಯುವಂಥವು. ಕೇಳಿದ ಸದ್ದಿನಲ್ಲಿ ಅರ್ಧದಷ್ಟಕ್ಕೂ ಚಿತ್ರಕ್ಕೂ ಸಂಬಂಧವೇ ಇಲ್ಲ. ಉಳಿಯುವುದು ಕನ್ನಡಿ ಮೇಲಕ್ಕೆ ಬಡಿದ ಪೆಟ್ಟು, ಮತ್ತು ಮೊದಲ ಪರದೆಯ ಓಟ. ಪರದೆಯ ಓಟ ಲೈಕಾದಲ್ಲೂ ಇದೆ, ನಿಕಾನ್ ಎಸ್‌ಪಿಯಲ್ಲೂ ಇದೆ. ಹಾಗಾಗಿ ಎರಡು ಬಗೆಯ ಕ್ಯಾಮೆರಾಗಳ ನಡುವಿನ ನಿಜವಾದ ವ್ಯತ್ಯಾಸ ಆ ಒಂದು ಪೆಟ್ಟು ಮಾತ್ರ.

ಆ ಪೆಟ್ಟು ಎಷ್ಟು ದೊಡ್ಡದು? ಕನ್ನಡಿಯ ತೂಕ ಕೆಲವೇ ಗ್ರಾಂ. ಲೆನ್ಸ್ ಹಾಕಿದ ಕ್ಯಾಮೆರಾದ ತೂಕ ಮುಕ್ಕಾಲು ಕಿಲೋದಿಂದ ಒಂದು ಕಿಲೋ. ಅದನ್ನು ಹಿಡಿದ ಎರಡು ಕೈ, ಅದಕ್ಕೆ ಒತ್ತಿಕೊಂಡ ಹುಬ್ಬು ಮತ್ತು ಕೆನ್ನೆ ಬೇರೆ. ಮಾಂಸಖಂಡವು ಅಲುಗಾಟವನ್ನು ನುಂಗುವುದರಲ್ಲಿ ಯಾವ ರಬ್ಬರಿಗೂ ಕಡಿಮೆಯಲ್ಲ. ಲೋಹದ ಟ್ರೈಪಾಡಿನ ಮೇಲೆ ಉದ್ದನೆಯ ಲೆನ್ಸ್ ಹಾಕಿ ನಿಲ್ಲಿಸಿದಾಗ ಕತೆ ಬೇರೆ. ಅಲ್ಲಿ ಪೆಟ್ಟು ಬಿದ್ದ ಮೇಲೆ ಇಡೀ ಜೋಡಣೆ ಸ್ವಲ್ಪ ಹೊತ್ತು ಕಂಪಿಸುತ್ತಲೇ ಇರುತ್ತದೆ. ಸೆಕೆಂಡಿನ 1/15ರಿಂದ 1/4ರವರೆಗಿನ ವೇಗದಲ್ಲಿ ಆ ಕಂಪನ ಫಿಲ್ಮಿನಲ್ಲಿ ಎದ್ದು ಕಾಣುತ್ತದೆ. 1/500ರಲ್ಲಿ ಹೊತ್ತು ಸಾಲದೆ ಕಾಣುವುದಿಲ್ಲ. ಹಲವು ಸೆಕೆಂಡುಗಳ ಎಕ್ಸ್‌ಪೋಷರಿನಲ್ಲಿ ಉಳಿದ ಹೊತ್ತೆಲ್ಲ ಕ್ಯಾಮೆರಾ ನಿಶ್ಚಲವಾಗಿರುವುದರಿಂದ ಮೊದಲ ಕಂಪನದ ಗುರುತು ಕರಗಿಹೋಗುತ್ತದೆ. ಕನ್ನಡಿಯನ್ನು ಮೊದಲೇ ಮೇಲೆತ್ತಿ ನಿಲ್ಲಿಸುವ ವ್ಯವಸ್ಥೆ ಹುಟ್ಟಿದ್ದು ಇಂಥ ಟ್ರೈಪಾಡ್ ಕೆಲಸಕ್ಕೆ ತುಂಬ ನೆರವಾಯಿತು. ನಿಕಾನ್ ಎಫ್‌ಎಂ2, ಎಫ್‌ಇ2ಗಳಲ್ಲಿ ಸೆಲ್ಫ್ ಟೈಮರ್ ಒತ್ತಿದ ಕೂಡಲೇ ಕನ್ನಡಿ ಮೇಲೇಳುವುದು, ಆಮೇಲೆ ಕೆಲವು ಸೆಕೆಂಡು ಕಾದು ಶಟರ್ ತೆರೆಯುವುದು, ಅದೂ ಇದೇ ಉಪಯೋಗಕ್ಕೆ ಬರುತ್ತದೆ. ಟ್ರೈಪಾಡಿನ ಮೇಲೆ ಕಂಡ ಈ ನಿಜವನ್ನು ಬರಿಗೈಗೂ ಹೊಂದಿಸಿಬಿಟ್ಟದ್ದರಿಂದ ಗೊಂದಲ ಶುರುವಾಯಿತು ಎಂದು ನನ್ನ ನಂಬಿಕೆ.

ಬರಿಗೈಯ ಲೆಕ್ಕವನ್ನು ಸ್ವಲ್ಪ ಮಾಡಿಯೇ ನೋಡಬೇಕು. ಆರೋಗ್ಯವಂತನ ಕೈಯೂ ಸದಾ ನಡುಗುತ್ತಿರುತ್ತದೆ. ಸೆಕೆಂಡಿಗೆ ಸುಮಾರು ಎಂಟರಿಂದ ಹನ್ನೆರಡು ಬಾರಿಯ ಸಣ್ಣ ನಡುಕ ಅದು. ಅದರ ಮೇಲೆ ಉಸಿರಿನ ಏರಿಳಿತ, ಎದೆಬಡಿತ, ನಿಂತ ಕಾಲಿನ ತೂಗಾಟ. ಇದೆಲ್ಲ ಸೇರಿ ಗುಂಡಿ ಒತ್ತುವ ಹೊತ್ತಿಗೆ ಕ್ಯಾಮೆರಾ ಸೆಕೆಂಡಿಗೆ ಅರ್ಧ ಡಿಗ್ರಿಯ ವೇಗದಲ್ಲಿ ತಿರುಗುತ್ತಿದೆ ಎಂದು ಇಟ್ಟುಕೊಳ್ಳೋಣ. 50 ಎಂಎಂ ಲೆನ್ಸಿನಲ್ಲಿ ಬಿಂಬವು ಫಿಲ್ಮಿನ ಮೇಲೆ ಸೆಕೆಂಡಿಗೆ ಸುಮಾರು 0.44 ಮಿಲಿಮೀಟರ್ ಜಾರುತ್ತದೆ. 1/60ರಲ್ಲಿ ಆ ಜಾರು 0.007 ಮಿಲಿಮೀಟರ್. 1/15ರಲ್ಲಿ 0.03 ಮಿಲಿಮೀಟರ್. 35 ಎಂಎಂ ಫಿಲ್ಮಿನಲ್ಲಿ ಸ್ಪಷ್ಟತೆಯ ಗಡಿ ಎಂದು ಲೆನ್ಸ್ ತಯಾರಕರು ಬಹುಕಾಲ ಒಪ್ಪಿಕೊಂಡು ಬಂದ ಅಳತೆಯೂ ಸರಿಸುಮಾರು ಇದೇ 0.03. ಎಂಟು ಪಟ್ಟು ದೊಡ್ಡದು ಮಾಡಿ 8x10 ಇಂಚಿನ ಪ್ರಿಂಟ್ ಹಾಕಿದರೆ ಅದು ಕಾಲು ಮಿಲಿಮೀಟರಿನಷ್ಟಾಗುತ್ತದೆ, ಕೈಯಲ್ಲಿ ಹಿಡಿದು ನೋಡುವವರ ಕಣ್ಣಿಗೆ ಮಸುಕು ಗೊತ್ತಾಗಲು ಶುರುವಾಗುತ್ತದೆ. ಲೆನ್ಸಿನ ಫೋಕಲ್ ಲೆಂಗ್ತ್ ಎಷ್ಟೋ ಶಟರ್ ವೇಗವೂ ಕನಿಷ್ಠ ಅಷ್ಟಿರಲಿ, 50ಕ್ಕೆ 1/60, 135ಕ್ಕೆ 1/125 ಎಂದು ಹಳಬರು ಹೇಳಿಕೊಡುತ್ತಿದ್ದ ಸೂತ್ರದಲ್ಲಿ ಯಾಕೆ ಒಂದಿಷ್ಟು ಸಡಿಲವಿದೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಅದೇ ಕೈಯಲ್ಲಿ 28 ಎಂಎಂ ಲೆನ್ಸ್ ಇದ್ದರೆ 1/8ರವರೆಗೂ ಗಡಿಯ ಹತ್ತಿರವೇ ಇರಬಹುದು.

ಈಗ ಕನ್ನಡಿಯ ಪೆಟ್ಟನ್ನು ಇದಕ್ಕೆ ಕೂಡಿಸಿ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಅಲುಗಾಟಗಳು ಸೇರುವಾಗ ನೇರವಾಗಿ ಕೂಡುವುದಿಲ್ಲ, ವರ್ಗಗಳ ಮೊತ್ತದ ವರ್ಗಮೂಲದಂತೆ ಕೂಡುತ್ತವೆ. ಕೈಯಿಂದ ಬಂದ ಮಸುಕು 20 ಮೈಕ್ರಾನ್, ಕನ್ನಡಿಯಿಂದ ಬಂದದ್ದು 5 ಮೈಕ್ರಾನ್ ಎಂದಿಟ್ಟುಕೊಂಡರೆ ಒಟ್ಟು 25 ಅಲ್ಲ, 20.6. ಚಿಕ್ಕದು ದೊಡ್ಡದರೊಳಗೆ ಮುಳುಗಿಹೋಗುತ್ತದೆ. ಕನ್ನಡಿಯ ಪೆಟ್ಟು ಕಾಣಬಲ್ಲ ನಿಧಾನ ವೇಗಗಳಲ್ಲೇ ಕೈಯ ನಡುಕವೂ ಅದನ್ನು ಮೀರಿ ಬೆಳೆದಿರುತ್ತದೆ. ಕೈಯ ನಡುಕ ಕಾಣದ 1/250ರಲ್ಲಿ ಕನ್ನಡಿಯ ಪೆಟ್ಟೂ ಕಾಣುವುದಿಲ್ಲ. ನಡುವೆ ಉಳಿಯುವ ಪಟ್ಟಿ ತೀರ ಕಿರಿದು. ಗೋಡೆಗೆ ಒರಗಿ, ಮೊಣಕೈಯನ್ನು ಮೇಜಿಗೆ ಊರಿ, ಉಸಿರು ಬಿಗಿಹಿಡಿದು 1/15ರಲ್ಲಿ ತೆಗೆಯುವ ಹೊತ್ತಿಗೆ ಮಾತ್ರ ಆ ವ್ಯತ್ಯಾಸ ತಲೆ ಎತ್ತುತ್ತದೆ.

ಇದು 35 ಎಂಎಂ ಕ್ಯಾಮೆರಾಗಳ ಮಾತು. ಫಿಲ್ಮ್ ದೊಡ್ಡದಾದಂತೆ ಕನ್ನಡಿಯೂ ದೊಡ್ಡದಾಗುತ್ತದೆ, ಆಗ ನನ್ನ ವಾದ ಸೊರಗುತ್ತದೆ. 1969ರಲ್ಲಿ ಬಂದ ಪೆಂಟಾಕ್ಸ್ 6x7ರ ಕನ್ನಡಿ ಅಂಗೈಯಷ್ಟಗಲ. ಅದು ಎದ್ದಾಗ ಹಿಡಿದವರ ಮಣಿಕಟ್ಟಿಗೇ ಗೊತ್ತಾಗುತ್ತದೆ. ಅದರ ಎದುರು ಅಷ್ಟೇ ಅಗಲದ ಫಿಲ್ಮ್ ಬಳಸುವ ಮಾಮಿಯಾ 7 ರೇಂಜ್‌ಫೈಂಡರ್ ಇಟ್ಟರೆ, ಲೆನ್ಸಿನೊಳಗೇ ಕೂತ ಅದರ ಎಲೆ ಶಟರ್ ಒಂದು ಸಣ್ಣ ಚಿಟಿಕೆಯ ಸದ್ದು ಮಾಡಿ ಸುಮ್ಮನಾಗುತ್ತದೆ. 1/30ರಲ್ಲಿ ಬರಿಗೈಯಲ್ಲಿ ಇವೆರಡೂ ಸಮ ಎಂದು ನಾನು ಹೇಳಲಾರೆ.

ಹಾಗಾದರೆ ಮನೆಗೆ ಬಂದ ನೆಗೆಟಿವ್‌ನಲ್ಲಿ ಮಸುಕು ಯಾರದು ಎಂದು ಪತ್ತೆ ಹಚ್ಚುವುದು ಹೇಗೆ? ಇದಕ್ಕೆ ಉಪಕರಣ ಬೇಕಿಲ್ಲ, ಲೈಟ್ ಬಾಕ್ಸಿನ ಮೇಲೆ ನೆಗೆಟಿವ್ ಹರಡಿ ಒಂದು ಒಳ್ಳೆಯ ಲೂಪ್ ಇಟ್ಟು ನೋಡುವ ತಾಳ್ಮೆ ಸಾಕು. ಮೊದಲು ಹುಡುಕಬೇಕಾದ್ದು ಚುಕ್ಕೆ ಬೆಳಕುಗಳನ್ನು: ದೂರದ ಬೀದಿ ದೀಪ, ಸ್ಟೀಲ್ ಲೋಟದ ಅಂಚಿನ ಮಿನುಗು, ಕಣ್ಣಿನ ಪಾಪೆಯಲ್ಲಿ ಹೊಳೆಯುವ ಕಿಟಕಿ. ನೆಗೆಟಿವ್‌ನಲ್ಲಿ ಇವು ಕಪ್ಪು ಚುಕ್ಕೆಗಳಾಗಿರುತ್ತವೆ. ಕ್ಯಾಮೆರಾ ಅಲುಗಿದ್ದರೆ ಪ್ರತಿ ಚುಕ್ಕೆಯೂ ಒಂದು ಪುಟ್ಟ ಗೆರೆಯಾಗಿರುತ್ತದೆ, ಫ್ರೇಮಿನ ಎಲ್ಲ ಗೆರೆಗಳೂ ಒಂದೇ ದಿಕ್ಕಿಗೆ ವಾಲಿರುತ್ತವೆ. ಕೆಲವೊಮ್ಮೆ ಅದು ಗೆರೆಯೂ ಅಲ್ಲ, ಕೊಕ್ಕೆಯಂತೆ ತಿರುಗಿರುತ್ತದೆ, ಕೈ ಹೋಗಿ ಮರಳಿದ ದಾರಿ ಅದು. ಮುಂದಿನ ಫ್ರೇಮಿಗೆ ಲೂಪ್ ಸರಿಸಿ. ಗೆರೆಯ ದಿಕ್ಕು ಬೇರೆಯಾಗಿದ್ದರೆ, ಅದರ ಮುಂದಿನದರಲ್ಲಿ ಇನ್ನೂ ಬೇರೆಯಾಗಿದ್ದರೆ, ಅದು ಕೈಯ ನಡುಕ. ಕನ್ನಡಿಯ ಪೆಟ್ಟು ಸದಾ ಒಂದೇ ದಿಕ್ಕಿನದು. ಕ್ಯಾಮೆರಾ ಅಡ್ಡ ಹಿಡಿದಾಗ ಗೆರೆ ಮೇಲಿಂದ ಕೆಳಕ್ಕೆ ಇರುತ್ತದೆ, ಫ್ರೇಮಿನಿಂದ ಫ್ರೇಮಿಗೆ ಬದಲಾಗುವುದಿಲ್ಲ. ಬೆರಳು ಗುಂಡಿಯನ್ನು ಕುಟ್ಟಿದಾಗಲೂ ಗೆರೆ ಮೇಲಿಂದ ಕೆಳಕ್ಕೇ ಬರುತ್ತದೆ, ಆದರೆ ಅದು ಹೆಚ್ಚು ಉದ್ದ, ಜೊತೆಗೆ ಬಲಬದಿ ತಗ್ಗಿದಂತೆ ಚಿತ್ರವೂ ಕೊಂಚ ವಾಲಿರುತ್ತದೆ. ಹಿನ್ನೆಲೆಯ ಗೋಡೆ ಖಡಕ್ಕಾಗಿದ್ದು ಮನುಷ್ಯ ಮಾತ್ರ ಮಸುಕಾಗಿದ್ದರೆ ಅಲುಗಿದ್ದು ಆತನೇ. ಚುಕ್ಕೆಗಳು ಗೆರೆಯಾಗದೆ ದುಂಡಗೆ ಊದಿಕೊಂಡಿದ್ದು, ಮುಖದ ಬದಲು ಕಿವಿಯ ಹಿಂದಿನ ಬಾಗಿಲ ಚಿಲಕ ಶಾರ್ಪ್ ಆಗಿ ಬಂದಿದ್ದರೆ ಅದು ಫೋಕಸಿನ ತಪ್ಪು.

ಹೀಗೆ ನನ್ನ ಹಳೆಯ ನೆಗೆಟಿವ್‌ಗಳನ್ನು ತಿರುವಿ ಹಾಕಿದಾಗ ಕನ್ನಡಿಯ ಗುರುತು ಹೊತ್ತ ಫ್ರೇಮುಗಳು ಅಪರೂಪಕ್ಕೆ ಸಿಕ್ಕವು. ಕೈ ನಡುಗಿದವು ಬೇಕಾದಷ್ಟು. ಅವುಗಳನ್ನೂ ಮೀರಿಸುವಷ್ಟು ಇದ್ದದ್ದು ಫೋಕಸ್ ತಪ್ಪಿದವು. ಮಂದ ಬೆಳಕಿನಲ್ಲಿ, ಅಪರ್ಚರ್ ಪೂರ್ತಿ ತೆರೆದು, ಅಗಲ ಕೋನದ ಲೆನ್ಸಿನಲ್ಲಿ ತೆಗೆದ ಚಿತ್ರಗಳಲ್ಲಿ ಎಸ್‌ಎಲ್‌ಆರ್‌ ಮತ್ತು ರೇಂಜ್‌ಫೈಂಡರಿನ ಅಂತರ ಸ್ಪಷ್ಟವಾಗಿ ಕಂಡಿದ್ದು ಇಲ್ಲಿಯೇ.

ಕಾರಣ ಎರಡರ ಫೋಕಸ್ ಮಾಡುವ ಬಗೆಯಲ್ಲಿದೆ. ರೇಂಜ್‌ಫೈಂಡರಿನಲ್ಲಿ ನಾವು ಲೆನ್ಸಿನ ಮೂಲಕ ನೋಡುವುದೇ ಇಲ್ಲ. ಮುಂಭಾಗದಲ್ಲಿ ದೂರ ದೂರ ಇರುವ ಎರಡು ಕಿಂಡಿಗಳು ಒಂದೇ ವಸ್ತುವನ್ನು ಎರಡು ಕೋನದಿಂದ ನೋಡುತ್ತವೆ. ಫೈಂಡರಿನ ನಡುವಿನ ಚಿಕ್ಕ ಚೌಕದಲ್ಲಿ ಎರಡು ಬಿಂಬ ಕಾಣುತ್ತವೆ. ಲೆನ್ಸ್ ತಿರುಗಿಸುತ್ತ ಅವು ಒಂದಾದ ಕಡೆ ನಿಲ್ಲಿಸಿದರೆ ಫೋಕಸ್ ಆದಂತೆ. ಇದರ ನಿಖರತೆ ನಿಂತಿರುವುದು ಕಿಂಡಿಗಳ ನಡುವಿನ ದೂರ ಮತ್ತು ಫೈಂಡರಿನ ವರ್ಧನೆ ಇವೆರಡರ ಗುಣಲಬ್ಧದ ಮೇಲೆ. 1954ರ ಲೈಕಾ ಎಂ3ಯಲ್ಲಿ ಇದು ಸುಮಾರು 62 ಮಿಲಿಮೀಟರ್, 1984ರ ಎಂ6ನಲ್ಲಿ ಸುಮಾರು 50. ಲೆನ್ಸ್ 28 ಆಗಲಿ 90 ಆಗಲಿ, ಎಫ್/2 ಆಗಲಿ ಎಫ್/4 ಆಗಲಿ, ಈ ಸಂಖ್ಯೆ ಬದಲಾಗುವುದಿಲ್ಲ. ಫೈಂಡರಿನ ಬೆಳಕೂ ಬದಲಾಗುವುದಿಲ್ಲ.

ಎಸ್‌ಎಲ್‌ಆರ್‌ನಲ್ಲಿ ಎಲ್ಲವೂ ಲೆನ್ಸನ್ನೇ ನೆಚ್ಚಿಕೊಂಡಿದೆ. 28 ಎಂಎಂ ಲೆನ್ಸಿನಲ್ಲಿ ಎದುರಿನ ಮುಖ ಸ್ಕ್ರೀನಿನ ಮೇಲೆ ಕಡಲೆಕಾಳಿನಷ್ಟು. ಎಲ್ಲವೂ ಹೆಚ್ಚುಕಡಿಮೆ ಸ್ಪಷ್ಟವಾಗಿಯೇ ಕಾಣುತ್ತದೆ. ನಿಜವಾಗಿ ಎಲ್ಲಿ ನಿಲ್ಲಿಸಬೇಕು ಎಂದು ಕಣ್ಣಿಗೆ ತೀರ್ಮಾನಿಸಲು ಆಗುವುದಿಲ್ಲ. ನಡುವಿನ ಸ್ಪ್ಲಿಟ್ ಇಮೇಜ್ ನೆರವಾಗುತ್ತದೆ ನಿಜ, ಆದರೆ ಲೆನ್ಸಿನ ಗರಿಷ್ಠ ಅಪರ್ಚರ್ ಎಫ್/4, ಎಫ್/5.6ಕ್ಕೆ ಇಳಿದರೆ ಅದರ ಅರ್ಧ ಭಾಗ ಕಪ್ಪಾಗಿಬಿಡುತ್ತದೆ. ಸಂಜೆಯ ಪಡಸಾಲೆಯಲ್ಲಿ, ಒಂದೇ ಬಲ್ಬಿನ ಬೆಳಕಿನಲ್ಲಿ ಕೂತವರ ಚಿತ್ರ ತೆಗೆಯುವಾಗ ಲೈಕಾ ಹಿಡಿದವರು ಎರಡು ಬಿಂಬಗಳನ್ನು ಒಂದರ ಮೇಲೊಂದು ತಂದು ನಿಶ್ಚಿಂತೆಯಿಂದ ಗುಂಡಿ ಒತ್ತುತ್ತಾರೆ, ಎಸ್‌ಎಲ್‌ಆರ್ ಹಿಡಿದವರು ಹಿಂದೆ ಮುಂದೆ ತಿರುಗಿಸುತ್ತ ಇರುತ್ತಾರೆ. ಆಮೇಲೆ ಪ್ರಿಂಟ್ ನೋಡಿ ಕನ್ನಡಿಯನ್ನು ದೂರುವವರು ಬಹಳ.

50 ಎಂಎಂ ಲೆನ್ಸನ್ನು ಎಫ್/1.4ಕ್ಕೆ ತೆರೆದು ಒಂದು ಮೀಟರ್ ದೂರದ ಮುಖಕ್ಕೆ ಫೋಕಸ್ ಮಾಡಿದರೆ ಸ್ಪಷ್ಟತೆಯ ಪಟ್ಟಿ ಮುಂದಕ್ಕೆ ಹಿಂದಕ್ಕೆ ಒಂದೂಮುಕ್ಕಾಲು ಸೆಂಟಿಮೀಟರಿನಷ್ಟೂ ಇರುವುದಿಲ್ಲ. ನಿಂತ ಮನುಷ್ಯ ಉಸಿರಾಡುವಾಗ ಮುಂದೆ ಹಿಂದೆ ತೂಗುವುದೇ ಅಷ್ಟಿರುತ್ತದೆ. ಎದುರಿನವರೂ ಹಾಗೆಯೇ ತೂಗುತ್ತಿರುತ್ತಾರೆ. ಫೋಕಸ್ ಮಾಡಿ, ಫ್ರೇಮ್ ಸರಿಪಡಿಸಿ, ಗುಂಡಿ ಒತ್ತುವುದರೊಳಗೆ ಕಣ್ಣಿನ ರೆಪ್ಪೆಯ ಮೇಲಿದ್ದ ಫೋಕಸ್ ಕಿವಿಗೆ ಸರಿದಿರುತ್ತದೆ. ಬರಿಗೈಯ ಸ್ಪಷ್ಟತೆ ಎಂದಾಗ ನಾವು ಕ್ಯಾಮೆರಾ ತಿರುಗುವುದನ್ನಷ್ಟೇ ಯೋಚಿಸುತ್ತೇವೆ. ದೇಹ ಮುಂದೆ ಹಿಂದೆ ತೂಗುವುದು ಅದಕ್ಕಿಂತ ದೊಡ್ಡ ಶತ್ರು, ಅದಕ್ಕೆ ಎರಡೂ ಕ್ಯಾಮೆರಾಗಳಲ್ಲಿ ಮದ್ದಿಲ್ಲ. ಒಂದೂವರೆ ಮೀಟರ್ ದೂರಕ್ಕೆ ಸರಿದು, ಎಫ್/2.8ಕ್ಕೆ ಇಳಿಸಿದರೆ ಆ ಪಟ್ಟಿ ನಾಲ್ಕು ಪಟ್ಟಿಗೂ ಮೀರಿ ಹಿಗ್ಗುತ್ತದೆ. ಮಂದ ಬೆಳಕಿನಲ್ಲಿ ಅಪರ್ಚರ್ ಪೂರ್ತಿ ತೆರೆಯುವುದಕ್ಕಿಂತ ಶಟರನ್ನು ಒಂದೆರಡು ಮೆಟ್ಟಿಲು ನಿಧಾನ ಮಾಡುವುದೇ ಎಷ್ಟೋ ಸಲ ಲಾಭ.

ಉದ್ದ ಲೆನ್ಸುಗಳಿಗೆ ಬಂದಾಗ ಲೆಕ್ಕ ಪೂರ್ತಿ ತಿರುಗಿಬೀಳುತ್ತದೆ. 135 ಎಂಎಂ ಲೆನ್ಸಿನ ಚೌಕಟ್ಟು ಲೈಕಾದ ಫೈಂಡರಿನಲ್ಲಿ ಅಂಚೆಚೀಟಿಯಷ್ಟು ಚಿಕ್ಕದು. ಅದಕ್ಕಿಂತ ಉದ್ದದ್ದಕ್ಕೆ ಚೌಕಟ್ಟೇ ಇಲ್ಲ. ಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಉದ್ದವಾದಷ್ಟೂ ಬಿಂಬ ದೊಡ್ಡದಾಗುತ್ತದೆ, ಫೋಕಸ್ ತಪ್ಪಿದ್ದು ಕಣ್ಣಿಗೆ ರಾಚುತ್ತದೆ. ಮೂಡಿಗೆರೆಯ ಕಾಡಂಚಿನಲ್ಲಿ ಹಕ್ಕಿಗಳ ಬೆನ್ನು ಹತ್ತಿದ ಪೂರ್ಣಚಂದ್ರ ತೇಜಸ್ವಿಯವರಂಥವರಿಗೆ ಬೇಕಾಗಿದ್ದ ಕೆಲಸ ರೇಂಜ್‌ಫೈಂಡರಿನಿಂದ ಆಗುವಂಥದ್ದಲ್ಲ. ಹಕ್ಕಿಯ ಕಣ್ಣಿನ ಮೇಲೆ ಫೋಕಸ್ ಕೂತಿದೆಯೇ ಎಂದು ಲೆನ್ಸಿನ ಮೂಲಕವೇ ನೋಡಬೇಕು. 90 ಎಂಎಂ ದಾಟಿದ ಮೇಲೆ ಬರಿಗೈಯಲ್ಲಿ ಹೆಚ್ಚು ಶಾರ್ಪ್ ಆದ ಚಿತ್ರಗಳು ಬರುವುದು ಕನ್ನಡಿ ಇರುವ ಕ್ಯಾಮೆರಾದಿಂದಲೇ ಎಂದು ಅಳುಕಿಲ್ಲದೆ ಹೇಳುತ್ತೇನೆ.

ಅಗಲ ಲೆನ್ಸುಗಳಲ್ಲಿ ರೇಂಜ್‌ಫೈಂಡರಿಗೆ ಇನ್ನೊಂದು ಅನುಕೂಲವೂ ಇತ್ತು. ಲೈಕಾ ಎಂ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಜಾಗದಿಂದ ಫಿಲ್ಮಿಗೆ 27.8 ಮಿಲಿಮೀಟರ್, ನಿಕಾನ್ ಎಫ್‌ನಲ್ಲಿ 46.5. ಕನ್ನಡಿ ತಿರುಗಲು ಬೇಕಾದ ಜಾಗ ಅದು. 21 ಎಂಎಂ ಲೆನ್ಸನ್ನು ಫಿಲ್ಮಿನ ಹತ್ತಿರಕ್ಕೆ ತಂದು ಕೂರಿಸಬಲ್ಲ ವಿನ್ಯಾಸಕಾರರಿಗೆ ಹೆಚ್ಚು ಕಡಿಮೆ ಸಮಮಿತಿಯುಳ್ಳ ವಿನ್ಯಾಸ ಸಾಧ್ಯವಾಗುತ್ತದೆ, ಲುಡ್ವಿಗ್ ಬರ್ಟೆಲೆಯವರ ಬಯೊಗಾನ್ ಲೆನ್ಸ್ ಹಾಗೆ ಹುಟ್ಟಿದ್ದು. ಎಸ್‌ಎಲ್‌ಆರ್‌ಗೆ ಅದೇ ಕೋನವನ್ನು ಕೊಡಲು ಮುಂದೆ ದೊಡ್ಡ ಋಣ ಮಸೂರಗಳನ್ನು ಇಟ್ಟು ಬೆಳಕನ್ನು ಹಿಂದಕ್ಕೆ ತಳ್ಳಬೇಕು. 1950ರ ಹೊತ್ತಿಗೆ ಫ್ರಾನ್ಸಿನ ಆಂಜೆನ್ಯೂ ಕಂಪನಿ ಇಂಥ ರೆಟ್ರೊಫೋಕಸ್ ಲೆನ್ಸ್ ಮಾಡಿತು. ನಿಕಾನ್ ಎಫ್‌ಗೆ ಮೊದಲು ಬಂದ 21 ಎಂಎಂ ಲೆನ್ಸ್ ಮಾತ್ರ ಹಳೆಯ ಪದ್ಧತಿಯದು. ಅದನ್ನು ಹಾಕಬೇಕಾದರೆ ಕನ್ನಡಿಯನ್ನು ಮೇಲೆತ್ತಿ ಕಟ್ಟಿಹಾಕಿ, ಮೇಲೆ ಬೇರೆಯೇ ಒಂದು ಫೈಂಡರ್ ಸಿಕ್ಕಿಸಬೇಕಿತ್ತು. ಎಸ್‌ಎಲ್‌ಆರ್ ತನ್ನ ಗುಣವನ್ನೇ ಬಿಟ್ಟುಕೊಟ್ಟು ಆ ಲೆನ್ಸನ್ನು ಪಡೆಯಿತು. 1967ರ 24 ಎಂಎಂ ನಿಕ್ಕೋರ್ ಹೊತ್ತಿಗೆ, ಹತ್ತಿರದ ಫೋಕಸಿಗೆ ತಕ್ಕಂತೆ ಒಳಗಿನ ಮಸೂರಗಳೂ ಸರಿಯುವ ವಿನ್ಯಾಸ ಬಂದ ಮೇಲೆ, ಈ ಅಂತರ ಬಹಳ ಕಡಿಮೆಯಾಯಿತು.

ಕಣ್ಣಿನ ಮಾತು ಹೇಳಿದ್ದೆ. ಎಸ್‌ಎಲ್‌ಆರ್‌ನಲ್ಲಿ ಕನ್ನಡಿ ಮೇಲೆದ್ದ ಕ್ಷಣದಿಂದ ಫೈಂಡರ್ ಕತ್ತಲು. ಚಿತ್ರ ದಾಖಲಾಗುವ ಆ ಹೊತ್ತು ತೆಗೆಯುವವರು ಕಾಣಲಾಗದ ಒಂದೇ ಹೊತ್ತು. ರೇಂಜ್‌ಫೈಂಡರಿನಲ್ಲಿ ಕಿಟಕಿ ತೆರೆದೇ ಇರುತ್ತದೆ. 1/15ರಲ್ಲಿ ತೆಗೆಯುವಾಗ ಎದುರಿನವರು ತಲೆ ತಿರುಗಿಸಿದ್ದು, ತನ್ನ ಕೈಯೇ ಜಾರಿದ್ದು ಕಂಡುಬಿಡುತ್ತದೆ. ಆಗಲೇ ಇನ್ನೊಂದು ಫ್ರೇಮ್ ತೆಗೆಯಬಹುದು. ಎಂ3ಯ ವರ್ಧನೆ 0.91 ಇರುವುದರಿಂದ ಎರಡೂ ಕಣ್ಣು ತೆರೆದು ನೋಡಬಹುದು. ಎಡಗಣ್ಣು ಇಡೀ ಬೀದಿಯನ್ನು ನೋಡುತ್ತಿರುತ್ತದೆ, ಬಲಗಣ್ಣಿಗೆ ಅದರ ಮೇಲೆ ಚೌಕಟ್ಟು ತೇಲುತ್ತಿರುತ್ತದೆ. ಆನ್ರಿ ಕಾರ್ತಿಯೆ ಬ್ರೆಸಾಂ ಬದುಕಿನುದ್ದಕ್ಕೂ ಲೈಕಾಕ್ಕೆ ಅಂಟಿಕೊಂಡದ್ದು ಕನ್ನಡಿಯ ಪೆಟ್ಟಿಗೆ ಹೆದರಿ ಎಂದು ನನಗನಿಸುವುದಿಲ್ಲ. ಅವರು ಕೆಲಸ ಮಾಡುತ್ತಿದ್ದ ರೀತಿಗೆ ಆ ತೆರೆದ ಕಿಟಕಿ ಮತ್ತು ಸದ್ದಿಲ್ಲದ ಶಟರ್ ಬೇಕಿತ್ತು. ಸದ್ದು ಕಡಿಮೆ ಇದ್ದಾಗ ಎದುರಿನವರು ಮೈ ಬಿಗಿಯುವುದಿಲ್ಲ, ತೆಗೆಯುವವರೂ ಆತುರಪಡುವುದಿಲ್ಲ. ಆತುರವಿಲ್ಲದ ಕೈ ನಡುಗುವುದು ಕಡಿಮೆ.

ಹಿಡಿತದಲ್ಲಿ ಎಸ್‌ಎಲ್‌ಆರ್ ಹಿಂದೆ ಬಿದ್ದಿಲ್ಲ. ಅದರ ತೂಕವೇ ಒಂದು ಆಸರೆ. ಫೈಂಡರ್ ನಡುವೆ ಇರುವುದರಿಂದ ಪ್ರಿಸಂ ಹುಬ್ಬಿಗೆ ಒತ್ತಿ ಕೂರುತ್ತದೆ. ಎಡಗೈ ಲೆನ್ಸನ್ನು ಕೆಳಗಿನಿಂದ ಹೊತ್ತಿರುತ್ತದೆ. ಎರಡು ಕೈ, ಒಂದು ಹಣೆ, ಮೂರು ಕಡೆಯ ಆಧಾರ. ಲೈಕಾದ ಫೈಂಡರ್ ಮೂಲೆಯಲ್ಲಿರುವುದರಿಂದ ಮೂಗು ತಪ್ಪಿಸಿಕೊಳ್ಳುತ್ತದೆ, ಹಣೆಯ ಆಧಾರವೂ ಅಷ್ಟು ಗಟ್ಟಿಯಾಗಿ ಸಿಗುವುದಿಲ್ಲ. ಲೈಕಾ ಗೆಲ್ಲುವುದು ಗುಂಡಿಯಲ್ಲಿ. ಅದರ ಒತ್ತು ಒಂದೇ ಸಮನೆ, ಮೆತ್ತಗೆ ಕೆಳಗಿಳಿಯುತ್ತದೆ. ಬೆರಳ ತುದಿಯಿಂದ ಕುಟ್ಟದೆ, ಮೊದಲ ಗೆಣ್ಣಿನ ಮಡಿಕೆಯನ್ನು ಗುಂಡಿಯ ಮೇಲಿಟ್ಟು ನಿಧಾನವಾಗಿ ಹಿಂಡಿದರೆ ಶಟರ್ ಯಾವಾಗ ಬಿತ್ತೆಂದು ಕೈಗೇ ಗೊತ್ತಾಗುವುದಿಲ್ಲ. ಇದನ್ನು ಎಸ್‌ಎಲ್‌ಆರ್‌ನಲ್ಲೂ ಕಲಿಯಬಹುದು. ಕಲಿತವರ ಚಿತ್ರಗಳಲ್ಲಿ ಆಗುವ ಸುಧಾರಣೆ ಕ್ಯಾಮೆರಾ ಬದಲಿಸಿದವರ ಚಿತ್ರಗಳಲ್ಲಿ ಆಗುವುದಕ್ಕಿಂತ ಹೆಚ್ಚು.

ಕನ್ನಡಿಯ ಪೆಟ್ಟನ್ನು ಎಂಜಿನಿಯರುಗಳು ಹಗುರವಾಗಿ ಕಂಡಿರಲಿಲ್ಲ. ಕ್ಯಾನನ್ 1965ರಲ್ಲಿ ಪೆಲಿಕ್ಸ್ ಎಂಬ ಕ್ಯಾಮೆರಾದಲ್ಲಿ ಕನ್ನಡಿ ಅಲುಗದಂತೆಯೇ ಮಾಡಿತು. ಅರೆಪಾರದರ್ಶಕವಾದ ತೆಳು ಪೊರೆಯೊಂದು ನಿಂತಲ್ಲೇ ನಿಂತು, ಬೆಳಕಿನಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಕಣ್ಣಿಗೂ ಉಳಿದದ್ದನ್ನು ಫಿಲ್ಮಿಗೂ ಹಂಚುತ್ತಿತ್ತು. ಪೆಟ್ಟು ಹೋಯಿತು, ಜೊತೆಗೆ ಬೆಳಕೂ ಹೋಯಿತು. ಫಿಲ್ಮಿಗೆ ಕಡಿಮೆ ಬೆಳಕು ಎಂದರೆ ಶಟರ್ ನಿಧಾನ, ಅಂದರೆ ಕೈ ನಡುಕಕ್ಕೆ ಹೆಚ್ಚು ಹೊತ್ತು. ಇದಕ್ಕಿಂತ ನನಗೆ ಹಿಡಿಸುವುದು ಒಲಿಂಪಸ್‌ನ ಯೊಶಿಹಿಸಾ ಮೈತಾನಿ ಹಿಡಿದ ದಾರಿ. 1972ರಲ್ಲಿ ಎಂ-1 ಎಂಬ ಹೆಸರಿನಲ್ಲಿ ಬಂದು, ಲೈಕಾ ತಯಾರಕರಾದ ಲೈಟ್ಜ್ ಕಂಪನಿಯ ತಕರಾರಿನಿಂದ ಓಎಂ-1 ಆದ ಕ್ಯಾಮೆರಾ ಅದು. ಗಾತ್ರ ರೇಂಜ್‌ಫೈಂಡರಿನಷ್ಟೇ. ಕನ್ನಡಿ ಬಡಿಯುವ ವೇಗವನ್ನು ತಗ್ಗಿಸಲು ಒಳಗೆ ಗಾಳಿಯ ಪುಟ್ಟ ಡ್ಯಾಂಪರ್. ಫೈಂಡರಿನ ವರ್ಧನೆ 0.92. ಎಂ3ಯ ಫೈಂಡರ್ ಕೊಡುತ್ತಿದ್ದ ಸುಖವನ್ನು ಕನ್ನಡಿ ಇಟ್ಟುಕೊಂಡೇ ಕೊಡಲು ಹೊರಟ ಕ್ಯಾಮೆರಾ. ಇದನ್ನು ಹಿಡಿದು ತೆಗೆದ 1/15ರ ಚಿತ್ರಗಳನ್ನು ಲೈಕಾದ ಚಿತ್ರಗಳ ರಾಶಿಯಲ್ಲಿ ಬೆರೆಸಿಟ್ಟರೆ ಬೇರ್ಪಡಿಸುವುದು ನನ್ನಿಂದ ಆಗುವ ಕೆಲಸವಲ್ಲ.

ಹಳೆಯ ರೇಂಜ್‌ಫೈಂಡರ್ ಕೊಳ್ಳುವವರಿಗೆ ಒಂದು ಎಚ್ಚರ. ಫೈಂಡರಿನಲ್ಲಿ ಬಿಂಬಗಳು ಒಂದಾದ ಮಾತ್ರಕ್ಕೆ ಲೆನ್ಸ್ ಅಲ್ಲಿಗೇ ಫೋಕಸ್ ಆಗಿದೆ ಎಂಬ ಖಾತರಿ ಇಲ್ಲ. ಲೈಕಾದ ಲೆನ್ಸ್ ಬಿಚ್ಚಿ ಒಳಗೆ ನೋಡಿದರೆ ಮೇಲ್ಭಾಗದಲ್ಲಿ ಒಂದು ಪುಟ್ಟ ಉರುಳೆ ಕಾಣುತ್ತದೆ. ಲೆನ್ಸಿನ ಹಿಂಬದಿಯ ಅಂಚು ಅದನ್ನು ಒತ್ತುತ್ತ ಫೈಂಡರಿನ ಬಿಂಬವನ್ನು ಸರಿಸುತ್ತದೆ. ಕ್ಯಾಮೆರಾ ಒಮ್ಮೆ ಕೆಳಗೆ ಬಿದ್ದಿದ್ದರೂ ಈ ಹೊಂದಾಣಿಕೆ ಕೂದಲೆಳೆಯಷ್ಟು ತಪ್ಪಿರಬಹುದು. ಕಿಲೋಮೀಟರಿಗೂ ದೂರದ ಟವರ್ ಅಥವಾ ಚಂದ್ರನ ಕಡೆ ಹಿಡಿದು ಲೆನ್ಸನ್ನು ಅನಂತಕ್ಕೆ ತಿರುಗಿಸಿ ನೋಡಿ. ಎರಡು ಬಿಂಬ ಸರಿಯಾಗಿ ಕೂಡದಿದ್ದರೆ ಅದು ರಿಪೇರಿಯವರ ಬಳಿ ಹೋಗಬೇಕಾದ ಕ್ಯಾಮೆರಾ. ಎಸ್‌ಎಲ್‌ಆರ್‌ನಲ್ಲಿ ಈ ತಪ್ಪು ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಕನ್ನಡಿಯ ಕೆಳಗಿನ ತಡೆ ಸವೆದರೆ, ಸ್ಕ್ರೀನ್ ತಲೆಕೆಳಗಾಗಿ ಕೂತಿದ್ದರೆ, ಅಲ್ಲಿಯೂ ಕಂಡದ್ದು ಒಂದು, ಬಂದದ್ದು ಇನ್ನೊಂದು ಆಗುತ್ತದೆ. ಕನ್ನಡಿ ಬಡಿಯುವ ಜಾಗದ ಸ್ಪಂಜು ಹಳೆಯ ಕ್ಯಾಮೆರಾಗಳಲ್ಲಿ ಅಂಟಂಟಾಗಿ ಪುಡಿಯಾಗಿರುತ್ತದೆ. ಅದನ್ನು ಬದಲಿಸದೆ ಪೆಟ್ಟಿನ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲ.

ಲೈಕಾ ಕೊಳ್ಳಲಾಗದವರಿಗೂ ಹೋಲಿಸಿ ನೋಡುವ ದಾರಿ ಇದೆ. 1966ರಲ್ಲಿ ಬಂದ ಯಾಷಿಕಾ ಎಲೆಕ್ಟ್ರೊ 35 ಇಂದಿಗೂ ಹಳೆಯ ಕ್ಯಾಮೆರಾ ಮಾರುವವರ ಹತ್ತಿರ ಸಿಗುತ್ತದೆ. 45 ಎಂಎಂ ಎಫ್/1.7 ಲೆನ್ಸ್, ಸದ್ದೇ ಇಲ್ಲದ ಎಲೆ ಶಟರ್. ಶಟರ್ ವೇಗ ಎಷ್ಟೆಂದು ಅದು ಹೇಳುವುದಿಲ್ಲ, 1/30ಕ್ಕಿಂತ ನಿಧಾನವಾದರೆ ಹಳದಿ ದೀಪ ಹತ್ತಿಸಿ ಎಚ್ಚರಿಸುತ್ತದೆ. ಆ ದೀಪವನ್ನು ಕಡೆಗಣಿಸಿ ತೆಗೆದ ಚಿತ್ರಗಳು ಶೇಕ್ ಆಗಿಯೇ ಬರುತ್ತವೆ, ಕನ್ನಡಿ ಇಲ್ಲದಿದ್ದರೂ.

ಈಗ ಒಂದು ರೋಲ್ ಫಿಲ್ಮಿನ ಬೆಲೆ ಕೇಳಿದರೆ ಪರೀಕ್ಷೆಗೆಂದು ಖರ್ಚು ಮಾಡಲು ಮನಸ್ಸಾಗುವುದಿಲ್ಲ ನಿಜ. ಆದರೂ ಒಮ್ಮೆ ಮಾಡಿ ಎನ್ನುತ್ತೇನೆ. ವೇಗವನ್ನು ಕೈಯಾರೆ ಗೊತ್ತುಮಾಡಬಲ್ಲ ಕ್ಯಾಮೆರಾ ಇರಲಿ. ಗೋಡೆಗೆ ಒಂದು ದಿನಪತ್ರಿಕೆ ಅಂಟಿಸಿ, ಅದರ ಪಕ್ಕ ಸ್ಟೀಲ್ ಚಮಚವೊಂದನ್ನು ನೇತುಹಾಕಿ ಅದರ ಮೇಲೆ ದೀಪದ ಹೊಳಪು ಬೀಳುವಂತೆ ನೋಡಿಕೊಳ್ಳಿ. ಎರಡು ಮೀಟರ್ ದೂರ ನಿಂತು 1/125ರಿಂದ ಶುರುಮಾಡಿ 1/8ರವರೆಗೆ ಇಳಿಯಿರಿ, ಪ್ರತಿ ವೇಗದಲ್ಲೂ ಕೆಲವು ಫ್ರೇಮ್ ಇರಲಿ, ಒಂದೇ ಫ್ರೇಮ್ ನೋಡಿ ತೀರ್ಮಾನಿಸಬಾರದು. ಬೆಳಕು ಹೆಚ್ಚಾದಾಗ ಅಪರ್ಚರ್ ಬದಲಿಸುವ ಬದಲು ದೀಪ ಬದಲಿಸಿದರೆ ಫೋಕಸಿನ ಪಟ್ಟಿ ಒಂದೇ ರೀತಿ ಉಳಿಯುತ್ತದೆ. ಸ್ನೇಹಿತರ ಬಳಿ ಇನ್ನೊಂದು ಬಗೆಯ ಕ್ಯಾಮೆರಾ ಇದ್ದರೆ ಅದನ್ನೂ ತಂದು, ಅದೇ ಸಂಜೆ, ಅದೇ ಫಿಲ್ಮಿನಲ್ಲಿ, ಹತ್ತಿರದ ಅಳತೆಯ ಲೆನ್ಸಿನಲ್ಲಿ ಮಾಡಿ. ಯಾವ ಫ್ರೇಮ್ ಯಾವ ವೇಗದ್ದು ಎಂದು ಫಿಲ್ಮ್ ಬರೆದಿಡುವುದಿಲ್ಲ, ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಆಗಿಂದಾಗಲೇ ಗುರುತು ಹಾಕಿಕೊಳ್ಳಬೇಕು.